ಜಗಳಕ್ಕೆ ತೀರ್ಪು ಬೇಡ, ರಾಜಿ ಕಲಿಸಿ

ಅಂಕಣ: ಮನೆ-ಮಕ್ಕಳು

ಹಬ್ಬ ಅಂದಮೇಲೆ ನೆಂಟರಿಷ್ಟರು, ನೆಂಟರಿಷ್ಟರು ಅಂದಮೇಲೆ ಮಕ್ಕಳು, ಮಕ್ಕಳು ಅಂದಮೇಲೆ ಜಗಳ! ಜಗಳವೇ ಇಲ್ಲದ ದೀಪಾವಳಿಯನ್ನು ನೀವು ಯಾರ ಮನೆಯಲ್ಲಾದರೂ ನೋಡಿದ್ದರೆ ದಯವಿಟ್ಟು ನನಗೂ ವಿಳಾಸ ಕೊಡಿ. ನಮ್ಮ ಸಂಘದ ಕಾರ್ಯಕ್ರಮಗಳನ್ನೇ ತೆಗೆದುಕೊಳ್ಳಿ. ವೇದಿಕೆಯ ಮೇಲೆ ನಾಡಗೀತೆ ನಡೆಯುತ್ತಿರುತ್ತದೆ, ಸಭಾಂಗಣದ ಹಿಂಬದಿಯಲ್ಲಿ ಒಂದು ಬಲೂನಿಗಾಗಿ ಮೂರು ವರ್ಷದ ಇಬ್ಬರು ಪುಟಾಣಿಗಳು ಒಬ್ಬರ ಕೂದಲನ್ನೊಬ್ಬರು ಹಿಡಿದುಕೊಂಡಿರುತ್ತಾರೆ. ಎರಡೂ ಕಡೆಯ ಅಮ್ಮಂದಿರು ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಓಡುತ್ತಾರೆ. ಒಬ್ಬರು "ಸೇ ಸಾರಿ!" ಅಂತ ಗದರುತ್ತಾರೆ. ಇನ್ನೊಬ್ಬರು "ಪರವಾಗಿಲ್ಲ ಬಿಡಿ, ಮಕ್ಕಳಲ್ವಾ" ಅಂತ ನಗುತ್ತಾರೆ. ಮಕ್ಕಳಿಬ್ಬರನ್ನೂ ಎತ್ತಿಕೊಂಡು ಒಬ್ಬರು ಪೂರ್ವಕ್ಕೆ, ಒಬ್ಬರು ಪಶ್ಚಿಮಕ್ಕೆ ಹೊರಡುತ್ತಾರೆ. ಬಲೂನು ಮಾತ್ರ ಚಾವಣಿಗೆ ಹೋಗಿ ಅಂಟಿಕೊಂಡು ತಮಾಷೆ ನೋಡುತ್ತಿರುತ್ತದೆ.

ಕಳೆದ ಸಂಚಿಕೆಯಲ್ಲಿ ಮಕ್ಕಳ ಊಟದ ಹಠದ ಬಗ್ಗೆ ಬರೆದಿದ್ದೆ. ಅದನ್ನು ಓದಿದವರು ಸಿಕ್ಕಾಗಲೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಊಟ ಹೇಗೋ ಆಗುತ್ತೆ, ಈ ಕಿತ್ತಾಟಕ್ಕೆ ಏನು ಮಾಡೋದು ಹೇಳಿ?" ಹಾಗಾಗಿ ಈ ಸಲ ಅದೇ ವಿಷಯ. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳಿಗೆ ತಮ್ಮ ಸಿಟ್ಟು-ದುಃಖಗಳನ್ನು ಸಂಭಾಳಿಸುವುದನ್ನು, ಜಗಳವನ್ನು ಕೈಯಿಂದಲ್ಲದೆ ಮಾತಿನಿಂದ ಮುಗಿಸುವುದನ್ನು ಹೇಗೆ ಕಲಿಸುವುದು?

ಜಗಳದ ಪಾಠಶಾಲೆ

ನಮ್ಮಲ್ಲಿ ಅನೇಕರು ಬೆಳೆದದ್ದು ವಠಾರಗಳಲ್ಲಿ, ಇಲ್ಲವೇ ಊರಿನ ಬೀದಿಗಳಲ್ಲಿ. ಅಲ್ಲಿ ದಿನಕ್ಕೆ ಹತ್ತು ಜಗಳ ಆಗುತ್ತಿತ್ತು. ಗೋಲಿಯಲ್ಲಿ ಮೋಸ ಮಾಡಿದವನ ಜೊತೆ ಟೂ ಬಿಡುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಕ್ರಿಕೆಟ್ಟಿಗೆ ಆಟಗಾರರು ಸಾಲದೆ ಹೋದಾಗ ಅದೇ ಮಹಾಶಯನ ಜೊತೆ ರಾಜಿಯೂ ಆಗುತ್ತಿತ್ತು. ಮಧ್ಯಸ್ಥಿಕೆಗೆ ಒಬ್ಬಳು ದೊಡ್ಡ ಅಕ್ಕ ಇರುತ್ತಿದ್ದಳು. ಜಗಳ ಮಿತಿಮೀರಿದರೆ ಕಟ್ಟೆಯ ಮೇಲೆ ಕೂತ ಅಜ್ಜಿಯೊಬ್ಬರು ಕೆಮ್ಮುತ್ತಿದ್ದರು, ಅಷ್ಟೇ ಸಾಕಾಗುತ್ತಿತ್ತು. ಅಪ್ಪ-ಅಮ್ಮನವರೆಗೆ ದೂರು ಹೋಗುತ್ತಿದ್ದದ್ದು ರಕ್ತ ಬಂದಾಗ ಮಾತ್ರ.

ಅದೆಲ್ಲ ಸುವರ್ಣಯುಗವಾಗಿತ್ತು ಅಂತ ನಾನು ಹೇಳುತ್ತಿಲ್ಲ. ಅದೇ ಬೀದಿಗಳಲ್ಲಿ ಬಡಪಾಯಿ ಹುಡುಗರಿಗೆ ಅಡ್ಡಹೆಸರಿಟ್ಟು ಅಳಿಸಿದ್ದೂ ಉಂಟು, ಮೇಷ್ಟರ ಬೆತ್ತವೂ ಉಂಟು. ಆದರೆ ಒಂದಂತೂ ನಿಜ. ಜಗಳ ಆಡುವುದಕ್ಕೂ ಮತ್ತೆ ಒಂದಾಗುವುದಕ್ಕೂ ನಮಗೆ ಬೇಕಾದಷ್ಟು ಅಭ್ಯಾಸ ಸಿಕ್ಕಿತು.

ಇಲ್ಲಿ ಅಮೆರಿಕದಲ್ಲಿ ನಮ್ಮ ಮಕ್ಕಳ ಪರಿಸ್ಥಿತಿ ನೋಡಿ. ಆಟಕ್ಕೂ ಅಪಾಯಿಂಟ್‌ಮೆಂಟ್! ಶನಿವಾರ ಮೂರರಿಂದ ಐದು ಪ್ಲೇಡೇಟ್. ಪಕ್ಕದ ಕೋಣೆಯಲ್ಲೇ ಎರಡೂ ಮನೆಯ ದೊಡ್ಡವರು ಕಾಫಿ ಹಿಡಿದು ಕೂತಿರುತ್ತಾರೆ. ಮಕ್ಕಳ ದನಿ ಸ್ವಲ್ಪ ಏರಿದರೆ ಸಾಕು, ಸಂಕೋಚದಿಂದ ಓಡಿಹೋಗಿ ಬಿಡಿಸುತ್ತೇವೆ. ಐದು ಗಂಟೆಗೆ ಕಾರು ಹತ್ತಿದರೆ ಮುಂದಿನ ಭೇಟಿ ಮೂರು ವಾರ ಬಿಟ್ಟು. ಟೂ ಬಿಡುವುದಕ್ಕೂ ಸಮಯವಿಲ್ಲ, ರಾಜಿಯಾಗುವುದಕ್ಕೂ ಸಮಯವಿಲ್ಲ. ಅಂದು ಬೀದಿ ತಾನಾಗಿ ಕಲಿಸುತ್ತಿದ್ದುದನ್ನು ಇಂದು ಮನೆ ಕೂತು ಕಲಿಸಬೇಕಾಗಿದೆ.

ಹೊಡೆಯುವ ಮಗು ಕೆಟ್ಟ ಮಗುವೇ?

"ನಮ್ಮನೇಲಿ ಯಾರೂ ಕೈ ಎತ್ತೋದಿಲ್ಲ, ಇವನು ಹೊಡೆಯೋದು ಎಲ್ಲಿಂದ ಕಲಿತನೋ!" ಇದು ಪ್ರಿಸ್ಕೂಲಿನಿಂದ ದೂರು ಬಂದ ದಿನ ಎಷ್ಟೋ ಮನೆಗಳಲ್ಲಿ ಕೇಳಿಬರುವ ಮಾತು. ಟಿವಿಯ ಮೇಲೆ, ಐಪ್ಯಾಡಿನ ಮೇಲೆ, ಕ್ಲಾಸಿನ ಇನ್ನೊಂದು ಮಗುವಿನ ಮೇಲೆ ಅನುಮಾನ ಶುರು.

ಕೆನಡಾದ ಮಾಂಟ್ರಿಯಲ್‌ನ ಸಂಶೋಧಕ ರಿಚರ್ಡ್ ಟ್ರೆಂಬ್ಲೆ ಸಾವಿರಾರು ಮಕ್ಕಳನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಗಮನಿಸಿದವರು. ಅವರು ಕಂಡುಕೊಂಡದ್ದು ನಮ್ಮ ಊಹೆಗೆ ತದ್ವಿರುದ್ಧ. ಮನುಷ್ಯ ತನ್ನ ಬದುಕಿನಲ್ಲಿ ಅತಿ ಹೆಚ್ಚು ಬಾರಿ ಹೊಡೆಯುವುದು, ಕಚ್ಚುವುದು, ತಳ್ಳುವುದು ಹದಿಹರೆಯದಲ್ಲಲ್ಲ, ಎರಡರಿಂದ ನಾಲ್ಕು ವರ್ಷದ ಸುಮಾರಿಗೆ! ಆಮೇಲೆ ಬಹುಪಾಲು ಮಕ್ಕಳಲ್ಲಿ ಅದು ವರ್ಷವರ್ಷಕ್ಕೂ ಇಳಿಯುತ್ತಾ ಹೋಗುತ್ತದೆ. ಅಂದರೆ ಮಗು ಹೊಡೆಯುವುದನ್ನು ಯಾರಿಂದಲೋ ಕಲಿಯಬೇಕಾಗಿಲ್ಲ. ಅದು ಕಲಿಯಬೇಕಾದದ್ದು ಹೊಡೆಯದೆ ಇರುವುದನ್ನು. ಅದಕ್ಕೆ ಮಾತು ಬೇಕು, ತಡೆದುಕೊಳ್ಳುವ ಶಕ್ತಿ ಬೇಕು, ಇನ್ನೊಬ್ಬರಿಗೂ ನೋವಾಗುತ್ತದೆಂಬ ತಿಳಿವಳಿಕೆ ಬೇಕು. ಈ ಮೂರೂ ನಿಧಾನವಾಗಿ ಬರುವಂಥವು. ಮನಸ್ಸಿಗೆ ಕಡಿವಾಣ ಹಾಕುವ ಮಿದುಳಿನ ಮುಂಭಾಗ ಪೂರ್ತಿ ಪಕ್ವವಾಗುವುದು ಇಪ್ಪತ್ತು ದಾಟಿದ ಮೇಲೆ. ನಾಲ್ಕು ವರ್ಷದ ಮಗುವಿನಿಂದ ನಾವು ಋಷಿಮುನಿಗಳ ಸಂಯಮ ಬಯಸಿದರೆ ಹೇಗೆ? (ಋಷಿಮುನಿಗಳಲ್ಲೂ ದೂರ್ವಾಸರಿದ್ದರು ಎನ್ನುವುದನ್ನು ಮರೆಯಬಾರದು!)

ಹಾಗೆಂದು ಹೊಡೆಯುವುದನ್ನು ಬಿಟ್ಟುಬಿಡಿ ಎಂದಲ್ಲ. ಕೂಡಲೇ ತಡೆಯಬೇಕು. ಆದರೆ ಅಪರಾಧಿಯನ್ನು ಹಿಡಿದಂತೆ ಹಿಡಿಯುವುದು ಬೇಡ. ಸೈಕಲ್ ಕಲಿಯುತ್ತಾ ಬಿದ್ದ ಮಗುವನ್ನು ಹಿಡಿಯುವ ಹಾಗೆ ಹಿಡಿದರೆ ಸಾಕು. "ನಾನು ಚಿಕ್ಕವನಿದ್ದಾಗ ಅಪ್ಪ ಎರಡು ಬಿಟ್ಟರೆ ತಣ್ಣಗಾಗ್ತಿದ್ದೆ" ಎನ್ನುವವರೂ ಇದ್ದಾರೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲಿ ಈ ಬಗ್ಗೆ ಸ್ಪಷ್ಟವಾಗಿ ಹೇಳಿದೆ: ಮಕ್ಕಳನ್ನು ಹೊಡೆಯುವುದೂ, ಕಿರುಚಿ ಅವಮಾನಿಸುವುದೂ ಬೇಡ, ಅದರಿಂದ ಕಾಲಕ್ರಮದಲ್ಲಿ ಹಾನಿಯೇ ಹೆಚ್ಚು. ತಂಗಿಗೆ ಹೊಡೆದನೆಂದು ಅಣ್ಣನಿಗೆ ಹೊಡೆದು "ಹೊಡೀಬಾರದು" ಅಂತ ಹೇಳಿಕೊಟ್ಟರೆ, ಆ ಪಾಠದಲ್ಲಿ ಅವನ ತಲೆಗೆ ಹತ್ತುವುದು ಮಾತೋ, ಏಟೋ?

ಸಿಟ್ಟಿಗೊಂದು ಹೆಸರು

ಈ ಮೂರರಲ್ಲಿ ಮೊದಲು ಬೇಕಾದದ್ದು ಮಾತು. ಇಲ್ಲಿ ನಮ್ಮ ಕನ್ನಡದ ಮನೆಗಳಿಗೇ ವಿಶೇಷವಾದ ಒಂದು ಸಮಸ್ಯೆಯಿದೆ, ಒಂದು ಅನುಕೂಲವೂ ಇದೆ.

ಸಮಸ್ಯೆ ಇದು. ಮೂರು ವರ್ಷದವರೆಗೆ ಮನೆಯಲ್ಲಿ ಕನ್ನಡವೊಂದನ್ನೇ ಕೇಳಿ ಬೆಳೆದ ಮಗು ಒಂದು ದಿನ ಪ್ರಿಸ್ಕೂಲಿಗೆ ಹೋಗುತ್ತದೆ. ಕೈಯಲ್ಲಿದ್ದ ಗೊಂಬೆಯನ್ನು ಯಾರೋ ಕಸಿದುಕೊಳ್ಳುತ್ತಾರೆ. "ಕೊಡು, ಅದು ನಂದು!" ಅಂದರೆ ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಎರಡನೆಯ ಸಲ ಹೇಳುತ್ತದೆ. ಮೂರನೆಯ ಸಲ ಹಲ್ಲು ಮಾತಾಡುತ್ತದೆ! ಟೀಚರ್ "ಯೂಸ್ ಯುವರ್ ವರ್ಡ್ಸ್" ಅನ್ನುತ್ತಾರೆ. ಪಾಪ, ಅದರ ಬಳಿ ಇದ್ದ ಮಾತನ್ನೆಲ್ಲ ಅದು ಆಗಲೇ ಖರ್ಚು ಮಾಡಿಯಾಗಿದೆ. ಅಂಥ ದೂರು ಬಂದಾಗ ಗಾಬರಿಯಾಗಿ "ಇನ್ನು ಮನೆಯಲ್ಲೂ ಇಂಗ್ಲಿಷೇ" ಎಂದು ತೀರ್ಮಾನಿಸುವುದು ಬೇಡ. ಶಾಲೆಗೆ ಹೋಗುವ ಮೊದಲೇ ನಾಲ್ಕೈದು ಕಾವಲು ವಾಕ್ಯಗಳನ್ನು ಆಟದ ಹಾಗೆ ಬಾಯಿಪಾಠ ಮಾಡಿಸಿ. "ಸ್ಟಾಪ್, ಐ ಡೋಂಟ್ ಲೈಕ್ ಇಟ್." "ಮೈ ಟರ್ನ್, ಪ್ಲೀಸ್." "ಹೆಲ್ಪ್ ಮಿ." ಹಾಗೆಯೇ ಟೀಚರಿಗೂ ನಮ್ಮ ಕೆಲವು ಶಬ್ದ ಬರೆದುಕೊಡಿ. "ಬೇಡ", "ನೋವು", "ಸಾಕು", "ಅಮ್ಮ ಬರ್ತಾಳೆ." ಇಂಥ ಚೀಟಿಯನ್ನು ಒಳ್ಳೆಯ ಟೀಚರುಗಳು ಸಂತೋಷದಿಂದಲೇ ತೆಗೆದುಕೊಳ್ಳುತ್ತಾರೆ.

ಅನುಕೂಲ ಏನೆಂದರೆ, ಮನಸ್ಸಿನ ಒಳಗಿನದನ್ನು ಹೇಳಲು ಕನ್ನಡದಲ್ಲಿ ಶಬ್ದಗಳಿಗೆ ಬರವಿಲ್ಲ. ಸಿಟ್ಟು ಬೇರೆ, ಮುನಿಸು ಬೇರೆ. ದಾರಿಹೋಕರ ಮೇಲೆ ಸಿಟ್ಟು ಬರಬಹುದು, ಮುನಿಸು ಬರುವುದಿಲ್ಲ. ಮುನಿಸು ಬೇಕಾದವರ ಮೇಲೆ ಮಾತ್ರ, ಅವರು ಬಂದು ರಮಿಸಲಿ ಎಂಬ ಆಸೆ ಅದರೊಳಗೇ ಇರುತ್ತದೆ. ಇನ್ನು ಹೊಟ್ಟೆಕಿಚ್ಚು, ದಿಗಿಲು, ನಾಚಿಕೆ, ಸಂಕೋಚ, ಕಸಿವಿಸಿ, ಸೆಡವು... ನಮ್ಮ ಭಾನುವಾರದ ಕನ್ನಡ ತರಗತಿಗಳಲ್ಲಿ ಹಣ್ಣು, ಹೂವು, ಪ್ರಾಣಿಗಳ ಹೆಸರು ಕಲಿಸುವ ಜೊತೆಗೆ ಇವನ್ನೂ ಕಲಿಸಬಾರದೇಕೆ? ಸೀತಾಫಲಕ್ಕಿಂತ ಹೊಟ್ಟೆಕಿಚ್ಚು ಮಗುವಿಗೆ ದಿನನಿತ್ಯ ಎದುರಾಗುವ ವಸ್ತು!

ಹೆಸರಿಡುವುದರಿಂದ ಏನು ಲಾಭ? ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೋಪ, ಭಯ ತುಂಬಿದ ಮುಖಗಳ ಚಿತ್ರ ತೋರಿಸಿ, ಆ ಭಾವನೆಗೆ ಶಬ್ದ ಹುಡುಕಲು ಹೇಳಿದಾಗ, ನೋಡುವವರ ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗಿತು. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಆದರೆ ಒಳಗಿನ ಗುದ್ದಾಟಕ್ಕೆ ಹೆಸರು ಸಿಕ್ಕಾಗ ಮನಸ್ಸು ಅರ್ಧ ಹಗುರಾಗುವುದು ನಮ್ಮ ನಿಮ್ಮೆಲ್ಲರ ಅನುಭವವೂ ಹೌದಲ್ಲವೇ? "ತಂಗಿ ಹುಟ್ಟಿದ ಮೇಲೆ ಎಲ್ಲರೂ ಅವಳನ್ನೇ ಎತ್ಕೊಳ್ತಾರೆ ಅಂತ ನಿಂಗೆ ಹೊಟ್ಟೆಕಿಚ್ಚು ಆಗ್ತಿದೆ ಅಲ್ವಾ ಕಂದಾ? ಆಗುತ್ತೆ. ದೊಡ್ಡವರಿಗೂ ಆಗುತ್ತೆ" ಅಂದು ನೋಡಿ. ಮಗು ಕಣ್ಣರಳಿಸಿ ನೋಡುತ್ತದೆ. ತನ್ನೊಳಗೆ ಏನೋ ಭೂತ ಹೊಕ್ಕಿಲ್ಲ, ಇದಕ್ಕೊಂದು ಹೆಸರಿದೆ, ಇದು ಅಮ್ಮನಿಗೂ ಗೊತ್ತು ಎನ್ನುವುದೇ ದೊಡ್ಡ ಸಮಾಧಾನ.

ಹಠ ಬೇರೆ, ರಚ್ಚೆ ಬೇರೆ

ಈ ವಿಷಯದಲ್ಲಿ ನಮ್ಮ ಅಜ್ಜಿಯಂದಿರು ಮನಃಶಾಸ್ತ್ರಜ್ಞರೇ. ಅವರು "ಮಗು ಹಠ ಮಾಡ್ತಿದೆ" ಎಂದೂ "ಮಗು ರಚ್ಚೆ ಹಿಡಿದಿದೆ" ಎಂದೂ ಎರಡು ಬೇರೆ ಮಾತು ಹೇಳುತ್ತಿದ್ದರು. ಹಠದಲ್ಲಿ ಮಗುವಿಗೆ ಏನೋ ಒಂದು ಬೇಕು, ಕಣ್ಣಿನ ಕೊನೆಯಿಂದ ನಿಮ್ಮನ್ನೇ ನೋಡುತ್ತಿರುತ್ತದೆ. ರಚ್ಚೆಯಲ್ಲಿ ಏನು ಬೇಕೆಂಬುದು ಅದಕ್ಕೇ ಮರೆತುಹೋಗಿರುತ್ತದೆ. ಕೇಳಿದ್ದು ಕೊಟ್ಟರೂ ಅಳು ನಿಲ್ಲುವುದಿಲ್ಲ, ನಿಲ್ಲಿಸಲು ಅದಕ್ಕೆ ಬರುವುದಿಲ್ಲ.

ಹಠಕ್ಕೆ ಮಾತು ನಾಟುತ್ತದೆ. "ಇಲ್ಲ" ಅಂದರೆ ಇಲ್ಲ ಎಂದು ಶಾಂತವಾಗಿ ನಿಂತರೆ ಸಾಕು. ರಚ್ಚೆ ಹಿಡಿದಾಗ ಉಪದೇಶ, ಪ್ರಶ್ನೆ, ಬೆದರಿಕೆ ಒಂದೂ ನಾಟುವುದಿಲ್ಲ. ಆಗ ಮಾಡಬೇಕಾದದ್ದು ಇಷ್ಟೇ. ಪೆಟ್ಟಾಗದ ಹಾಗೆ ನೋಡಿಕೊಂಡು, ಹತ್ತಿರ ಕೂತು, ಕಡಿಮೆ ಮಾತಾಡುವುದು. ಹಸಿವೋ, ನಿದ್ದೆಯೋ, ಗದ್ದಲವೋ ಕಾರಣವಾಗಿದ್ದರೆ ಅದನ್ನು ನೋಡುವುದು. ಹಬ್ಬದ ದಿನ ಮಧ್ಯಾಹ್ನದ ನಿದ್ದೆ ತಪ್ಪಿಸಿ, ಜರತಾರಿ ಲಂಗ ಚುಚ್ಚುತ್ತಿರುವಾಗ, ಐವತ್ತು ಜನರೆದುರು ಶ್ಲೋಕ ಹೇಳಿಸಲು ಹೊರಟರೆ ರಚ್ಚೆ ಹಿಡಿಯದೆ ಇನ್ನೇನು? ಪಾಠವೆಲ್ಲ ಆಮೇಲೆ, ಮುಖ ತೊಳೆದು ಹಾಲು ಕುಡಿದಾದ ಮೇಲೆ.

ಅಳು ಇಳಿಯತೊಡಗಿದಾಗ ಉಸಿರಾಟ ಸಹಾಯಕ್ಕೆ ಬರುತ್ತದೆ. ಇಲ್ಲಿನ ಶಾಲೆಗಳಲ್ಲಿ "ಹೂವು ಮೂಸು, ಕ್ಯಾಂಡಲ್ ಊದು" ಅಂತ ಹೇಳಿಕೊಡುತ್ತಾರೆ. ದೀಪವನ್ನು ಬಾಯಿಂದ ಊದಿ ಆರಿಸುವುದು ನಮ್ಮ ಮನೆಗಳಲ್ಲಿ ಸಲ್ಲದು, ಅದರಲ್ಲೂ ದೀಪಾವಳಿಯಂದು! ಹಾಗಾಗಿ "ಮಲ್ಲಿಗೆ ಮೂಸು, ಬಿಸಿ ಹಾಲು ಊದಿ ಆರಿಸು" ಅನ್ನೋಣ. ಮೂಗಿನಿಂದ ನಿಧಾನವಾಗಿ ಒಳಗೆ, ಬಾಯಿಂದ ಇನ್ನೂ ನಿಧಾನವಾಗಿ ಹೊರಗೆ, ನಾಲ್ಕೈದು ಸಲ. ಆದರೆ ಇದನ್ನು ಸಿಟ್ಟು ಇಲ್ಲದ ಹೊತ್ತಿನಲ್ಲಿ ಆಟವಾಗಿ ಕಲಿಸಿರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಿದರೆ ಉಪಯೋಗವಿಲ್ಲ.

"ದಿಂಬಿಗೆ ನಾಲ್ಕು ಗುದ್ದಿ ಕೋಪ ತೀರಿಸ್ಕೋ" ಎನ್ನುವ ಸಲಹೆಯನ್ನೂ ನೀವು ಕೇಳಿರಬಹುದು. ಅದು ಬೇಡ. ಮನಃಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನು ನೆನೆಯುತ್ತಾ ಪಂಚಿಂಗ್ ಬ್ಯಾಗ್ ಗುದ್ದಿದ ಕಾಲೇಜು ವಿದ್ಯಾರ್ಥಿಗಳ ಕೋಪ ಇಳಿಯಲಿಲ್ಲ. ಸುಮ್ಮನೆ ಕೂತವರಿಗಿಂತ ಅವರೇ ಹೆಚ್ಚು ಸಿಟ್ಟಾಗಿ ಉಳಿದರು. ಗುದ್ದುವ ಅಭ್ಯಾಸ ಮಾಡಿದರೆ ಬರುವುದು ಗುದ್ದುವ ಅಭ್ಯಾಸವೇ.

ಸಿಟ್ಟು ಬರುವುದು ತಪ್ಪಲ್ಲ, ಸಿಟ್ಟಿನಿಂದ ಏನು ಮಾಡುತ್ತೇವೆ ಎನ್ನುವುದು ಮುಖ್ಯ. ಈ ಮಾತನ್ನು ಅಮೆರಿಕದ ಮಕ್ಕಳಿಗೆ ದಶಕಗಳ ಕಾಲ ಟಿವಿಯಲ್ಲಿ ಹೇಳಿಕೊಟ್ಟವರು ಫ್ರೆಡ್ ರೋಜರ್ಸ್. 1969ರ ಮೇ 1ರಂದು ಸಾರ್ವಜನಿಕ ಟಿವಿಯ ಅನುದಾನದ ಬಗ್ಗೆ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ಹೇಳಲು ಹೋದಾಗ, ಅವರು ಅಂಕಿಅಂಶಗಳ ಬದಲು ಸಿಟ್ಟನ್ನು ತಡೆದುಕೊಳ್ಳುವ ಬಗ್ಗೆ ತಾವೇ ಬರೆದ ಒಂದು ಮಕ್ಕಳ ಹಾಡಿನ ಸಾಲುಗಳನ್ನು ಹೇಳಿದರು. ಬಿಗುಮೊಗದ ಅಧ್ಯಕ್ಷ ಜಾನ್ ಪಾಸ್ಟೋರೆ ಕರಗಿಹೋಗಿ, 2 ಕೋಟಿ ಡಾಲರ್ ನೀವು ಗಳಿಸಿಕೊಂಡಿರಿ ಎಂಬರ್ಥದ ಮಾತು ಹೇಳಿದ್ದು ಈಗ ಇತಿಹಾಸ. ರೋಜರ್ಸ್ ಅವರ ಗೊಂಬೆ ಹುಲಿಯಿಂದ ಹುಟ್ಟಿ 2012ರಲ್ಲಿ ಶುರುವಾದ ಡೇನಿಯಲ್ ಟೈಗರ್ ಕಾರ್ಟೂನನ್ನು ನಿಮ್ಮ ಮಕ್ಕಳೂ ನೋಡಿರಬಹುದು. ಮುಂದಿನ ಸಲ ನೀವೂ ಜೊತೆಗೆ ಕೂತು ನೋಡಿ, ಅದರ ಮಾತನ್ನು ಕನ್ನಡದಲ್ಲಿ ಮುಂದುವರಿಸಿ.

ನಮ್ಮ ನಾಲ್ಕು ಹಳೆಯ ಮದ್ದುಗಳು

ಪ್ರೀತಿಯಿಂದಲೇ ನಾವು ಬಳಸುವ ಕೆಲವು ಮದ್ದುಗಳನ್ನು ಒಮ್ಮೆ ಪರೀಕ್ಷಿಸಿ ನೋಡೋಣ.

ಮೊದಲನೆಯದು, ನೆಲಕ್ಕೆ ಹೊಡೆಯುವುದು. ಮಗು ಎಡವಿ ಬಿದ್ದರೆ "ನಮ್ಮ ಪುಟ್ಟನ್ನ ಬೀಳಿಸ್ತಾ ಈ ನೆಲ? ತಗೋ!" ಎಂದು ನೆಲಕ್ಕೆ ಎರಡೇಟು. ಮಗು ನಗುತ್ತದೆ, ನಿಜ. ಆದರೆ ನನಗೆ ನೋವಾದರೆ ಅದಕ್ಕೆ ಯಾರೋ ಒಬ್ಬರು ಕಾರಣ, ಅವರಿಗೆ ಏಟು ಬೀಳಬೇಕು ಎಂಬ ನ್ಯಾಯವೂ ಜೊತೆಗೇ ಒಳಗೆ ಹೋಗುತ್ತದೆ. "ಎಲ್ಲಿ ನೋವಾಯ್ತು? ಬಾ, ಉಜ್ಜೋಣ" ಅಂದರೂ ಅಳು ನಿಲ್ಲುತ್ತದೆ.

ಎರಡನೆಯದು, "ಗಂಡು ಹುಡುಗ ಅಳ್ತಾರೇನೋ?" ಅಳಲು ಬಿಡದ ಹುಡುಗನಿಗೆ ಉಳಿಯುವ ಒಂದೇ ದಾರಿ ಸಿಟ್ಟು. ದುಃಖ, ಭಯ, ಅವಮಾನ ಎಲ್ಲವೂ ಅದೇ ಬಾಗಿಲಿನಿಂದ ಹೊರಬರುತ್ತವೆ.

ಮೂರನೆಯದು, "ನೀನು ದೊಡ್ಡವನು, ಬಿಟ್ಟುಕೊಡು." ಇದು ನಮ್ಮ ಎಲ್ಲ ಮನೆಗಳ ರಾಮಬಾಣ! ಐದು ವರ್ಷದವನು ಮೂರು ವರ್ಷದವಳ ಮುಂದೆ ದೊಡ್ಡವನು, ಆದರೆ ಅವನೂ ಐದೇ ವರ್ಷದವನು. ಇದರಿಂದ ಅಣ್ಣ ಔದಾರ್ಯ ಕಲಿಯುವುದಿಲ್ಲ, ದೊಡ್ಡವನಾಗಿ ಹುಟ್ಟಿದ್ದೇ ತಪ್ಪು ಎಂದುಕೊಳ್ಳುತ್ತಾನೆ. ತಂಗಿ ಅಷ್ಟರಲ್ಲಿ ಅಳುವಿನ ಮಾರುಕಟ್ಟೆ ಬೆಲೆಯನ್ನು ಕಲಿತಿರುತ್ತಾಳೆ.

ನಾಲ್ಕನೆಯದು, ಒತ್ತಾಯದ ಸಾರಿ. ನೆಲ ನೋಡುತ್ತಾ, ಹಲ್ಲು ಕಚ್ಚಿ ಹೇಳಿದ "ಸಾರಿ" ಯಾರನ್ನೂ ಸಮಾಧಾನಪಡಿಸಿಲ್ಲ. ಅದರ ಬದಲು "ಅವಳ ಕೈ ನೋಡು, ಕೆಂಪಗಾಗಿದೆ. ಏನು ಮಾಡಿದ್ರೆ ಅವಳಿಗೆ ಸರಿ ಹೋಗುತ್ತೆ?" ಎಂದು ಕೇಳಿ. ಫ್ರಿಜ್ಜಿನಿಂದ ಐಸ್ ತರಲು ಓಡುವ ಮಗು ಬಾಯಲ್ಲಿ ಸಾರಿ ಹೇಳದಿದ್ದರೂ ಕಾಲಲ್ಲಿ ಹೇಳುತ್ತಿರುತ್ತದೆ.

ನ್ಯಾಯಾಧೀಶರ ಕುರ್ಚಿಯಿಂದ ಇಳಿಯೋಣ

ಇಷ್ಟೆಲ್ಲದರ ತಿರುಳು ಇದು: ಮಕ್ಕಳ ಜಗಳದಲ್ಲಿ ನಾವು ನ್ಯಾಯಾಧೀಶರಾಗುವುದನ್ನು ಬಿಟ್ಟು ಮಧ್ಯಸ್ಥರಾಗಬೇಕು. ನ್ಯಾಯಾಧೀಶರು ಕೇಳುವುದು "ಯಾರು ಶುರು ಮಾಡಿದ್ದು?" ಅದಕ್ಕೆ ಉತ್ತರ ಸಿಗುವುದೇ ಇಲ್ಲ, ಏಕೆಂದರೆ ಪ್ರತಿ ಜಗಳವೂ ಹಿಂದಿನ ಜಗಳದ ಮುಂದುವರಿದ ಭಾಗ. ತೀರ್ಪು ಬಂದಮೇಲೆ ಒಬ್ಬರು ಗೆದ್ದಿರುತ್ತಾರೆ, ಒಬ್ಬರು ಸೋತಿರುತ್ತಾರೆ, ಇಬ್ಬರೂ ಏನನ್ನೂ ಕಲಿತಿರುವುದಿಲ್ಲ. ಮಧ್ಯಸ್ಥರು ಕೇಳುವುದು "ಈಗ ಏನು ಮಾಡೋಣ?"

ಮಿಶಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1970ರಲ್ಲಿ ಸ್ಥಾಪನೆಯಾದ ಹೈಸ್ಕೋಪ್ ಎಂಬ ಶಿಕ್ಷಣ ಸಂಸ್ಥೆ ಪ್ರಿಸ್ಕೂಲ್ ಮಕ್ಕಳ ಜಗಳ ಬಿಡಿಸಲು ಆರು ಹೆಜ್ಜೆಗಳನ್ನು ಹೇಳಿಕೊಡುತ್ತದೆ. ಅದನ್ನು ನಮ್ಮ ಮನೆಗೆ ಹೊಂದಿಸಿ ನೋಡೋಣ. ನವರಾತ್ರಿ, ಗೊಂಬೆ ಕೂರಿಸಿದ್ದೀರಿ. ಆರು ವರ್ಷದ ಅಣ್ಣ, ನಾಲ್ಕು ವರ್ಷದ ತಂಗಿ. ನಡುವೆ ಒಂದೇ ಒಂದು ಚನ್ನಪಟ್ಟಣದ ಮರದ ರೈಲು. ಎಳೆದಾಟ, ಕಿರುಚಾಟ.

ಒಂದು, ಶಾಂತವಾಗಿ ಹತ್ತಿರ ಹೋಗಿ ಏಟನ್ನು ನಿಲ್ಲಿಸುವುದು. ಅವರ ಎತ್ತರಕ್ಕೆ ನೆಲದ ಮೇಲೆ ಕೂರಿ. "ರೈಲು ಸದ್ಯಕ್ಕೆ ನನ್ನ ಕೈಲಿರಲಿ. ಮಾತಾಡಿ ಮುಗಿಸಿದ ಮೇಲೆ ಕೊಡ್ತೀನಿ."

ಎರಡು, ಇಬ್ಬರ ಭಾವನೆಯನ್ನೂ ಗುರುತಿಸುವುದು. "ನಿಂಗೆ ತುಂಬಾ ಸಿಟ್ಟು ಬಂದಿದೆ. ನಿಂಗೆ ಅಳು ಬರ್ತಿದೆ ಅಲ್ವಾ ಪುಟ್ಟಿ?"

ಮೂರು, ಇಬ್ಬರಿಂದಲೂ ವಿಷಯ ಕೇಳುವುದು. "ಯಾಕೆ ಹೀಗೆ ಮಾಡಿದೆ?" ಅಂತ ಅಲ್ಲ, "ಏನಾಯ್ತು?" ಅಂತ. "ಅಮ್ಮಾ, ನಾನು ಸ್ಟೇಷನ್ ಕಟ್ತಾ ಇದ್ದೆ, ಶೀ ಜಸ್ಟ್ ಟುಕ್ ಇಟ್!" "ನನ್ ಗೊಂಬೆ ಅಜ್ಜಿ ಮನೆಗೆ ಹೋಗ್ಬೇಕು!"

ನಾಲ್ಕು, ಸಮಸ್ಯೆಯನ್ನು ಯಾರ ಪರವೂ ವಹಿಸದೆ ಮತ್ತೆ ಹೇಳುವುದು. "ಓಹೋ, ಅಣ್ಣನಿಗೆ ರೈಲು ಸ್ಟೇಷನ್ನಲ್ಲಿ ನಿಂತಿರಬೇಕು. ತಂಗಿಗೆ ರೈಲು ಊರಿಗೆ ಹೊರಡಬೇಕು. ರೈಲು ಇರೋದು ಒಂದೇ."

ಐದು, ಉಪಾಯ ಅವರನ್ನೇ ಕೇಳುವುದು. ಇಲ್ಲೇ ಬಾಯಿ ಬಿಗಿಹಿಡಿಯಬೇಕು! "ಅವಳು ಆನೆ ತಗೊಳ್ಳಲಿ." "ನೋ!" "ಸರಿ, ಇದು ಅವಳಿಗೆ ಒಪ್ಪಿಗೆ ಇಲ್ಲ. ಇನ್ನೇನು ಮಾಡಬಹುದು?" ಸ್ವಲ್ಪ ಮೌನ. "ಗೊಂಬೆ ಟಿಕೆಟ್ ತಗೊಳ್ಳಲಿ. ಟಿಕೆಟ್ ತಗೊಂಡ್ರೆ ಬಿಡ್ತೀನಿ." ತಂಗಿ ಕಣ್ಣೊರೆಸಿಕೊಂಡು "ಎಷ್ಟು?" ಎನ್ನುತ್ತಾಳೆ. ನಿಮ್ಮ ನನ್ನ ತಲೆಗೆ ಹೊಳೆಯದ ಇಂಥ ಪರಿಹಾರಗಳು ಮಕ್ಕಳಿಗೆ ಹೊಳೆಯುತ್ತವೆ.

ಆರು, ಆಮೇಲೂ ಹತ್ತು ನಿಮಿಷ ಅಲ್ಲೇ ಸುಳಿದಾಡುತ್ತಿರುವುದು. ಟಿಕೆಟ್ಟಿನ ದರ ಏರಿದರೆ ಬೇಕಾಗಬಹುದು!

"ಒಲೆ ಮೇಲೆ ಒಗ್ಗರಣೆ ಇದೆ, ಏಳಕ್ಕೆ ಮೀಟಿಂಗ್ ಇದೆ, ಇಷ್ಟೆಲ್ಲಾ ಯಾರಿಗೆ ಪುರುಸೊತ್ತು?" ಎಂದು ನೀವು ಕೇಳುವುದು ನನಗೆ ಗೊತ್ತು. ಪ್ರತಿ ಜಗಳಕ್ಕೂ ಇದನ್ನು ಮಾಡಲು ಯಾರಿಂದಲೂ ಆಗುವುದಿಲ್ಲ. ಒಗ್ಗರಣೆ ಸೀಯುವ ಹೊತ್ತಿಗೆ "ರೈಲು ನನ್ನ ಹತ್ತಿರ ಇರಲಿ, ಊಟ ಆದಮೇಲೆ ಮಾತಾಡೋಣ" ಅಂದರೂ ನಡೆದೀತು. ಆದರೆ ಊಟವಾದ ಮೇಲೆ ಮಾತಾಡಲೇಬೇಕು. ಕೆಲವು ಸಲ ಮಾಡಿಸಿದರೆ ಉಳಿದದ್ದನ್ನು ಮಕ್ಕಳು ತಾವೇ ಮುಂದುವರಿಸುತ್ತಾರೆ. ಇದು ಬರೀ ಆಶಾವಾದವಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಜೂಲಿ ಸ್ಮಿತ್ ಮತ್ತು ಹಿಲ್ಡಿ ರಾಸ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಐದರಿಂದ ಹತ್ತು ವರ್ಷದ ಮಕ್ಕಳಿರುವ ಮನೆಗಳಲ್ಲಿ ಪೋಷಕರಿಗೆ ಮಧ್ಯಸ್ಥಿಕೆಯ ತರಬೇತಿ ಕೊಟ್ಟಾಗ, ಆ ಮಕ್ಕಳು ತಾವಿಬ್ಬರೇ ಮಾತಾಡಿಕೊಳ್ಳುವಾಗಲೂ ಹೆಚ್ಚು ಹೊಂದಾಣಿಕೆಯಿಂದ ಮಾತಾಡಿದರು, ಎದುರಿನವರ ಮನಸ್ಸಿನಲ್ಲೇನಿದೆ ಎಂಬುದನ್ನೂ ಹೆಚ್ಚು ಅರ್ಥಮಾಡಿಕೊಂಡರು.

ಒಂದು ಎಚ್ಚರಿಕೆ. ಸಮಬಲದವರ ಜಗಳಕ್ಕೆ ಮಾತ್ರ ಈ ಮದ್ದು. ಒಬ್ಬನೇ ಮಗು ಮತ್ತೆ ಮತ್ತೆ ಏಟು ತಿನ್ನುತ್ತಿದ್ದರೆ, ಬಣ್ಣಕ್ಕೋ, ಹೆಸರಿಗೋ, ಡಬ್ಬಿಯ ಇಡ್ಲಿಗೋ ದಿನಾ ಗೇಲಿಗೆ ಸಿಕ್ಕುತ್ತಿದ್ದರೆ ಅದು ಜಗಳವಲ್ಲ, ಕಿರುಕುಳ. ಅಲ್ಲಿ "ನೀವಿಬ್ಬರೂ ಮಾತಾಡಿ ಸರಿಮಾಡ್ಕೊಳ್ಳಿ" ಅನ್ನುವುದು ಅನ್ಯಾಯ. ದೊಡ್ಡವರು ಮಧ್ಯೆ ಬಂದು ನಿಲ್ಲಿಸಬೇಕು, ಶಾಲೆಯ ಜೊತೆ ಬರವಣಿಗೆಯಲ್ಲಿ ಮಾತಾಡಬೇಕು. "ಯಾಕೆ ಸುಮ್ಮನೆ ಗಲಾಟೆ, ಅಡ್ಜಸ್ಟ್ ಮಾಡ್ಕೋ" ಎಂಬ ನಮ್ಮ ಮಂತ್ರವನ್ನು ಅಲ್ಲಿ ಪಠಿಸಬೇಡಿ. ಶಾಂತಿ ಅಂದರೆ ಬಾಯಿ ಮುಚ್ಚಿಕೊಂಡಿರುವುದಲ್ಲ. ಹಾಗೆಯೇ ಐದಾರು ವರ್ಷ ದಾಟಿದ ಮೇಲೂ ಮಗು ದಿನವೂ ರಚ್ಚೆ ಹಿಡಿಯುತ್ತಿದ್ದರೆ, ತನಗೋ ಇತರರಿಗೋ ಗಾಯ ಮಾಡಿಕೊಳ್ಳುತ್ತಿದ್ದರೆ ಮಕ್ಕಳ ವೈದ್ಯರ ಬಳಿ ಹೇಳಿ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಉಂಡು ಮಲಗುವ ಮುನ್ನ

ಮಕ್ಕಳಿಗೆ ಎಷ್ಟೇ ಹೇಳಿಕೊಟ್ಟರೂ ಅವರು ಕಲಿಯುವುದು ನೋಡಿ. "ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು" ಎಂಬ ಗಾದೆ ನಮಗೆಲ್ಲ ಗೊತ್ತು. "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ" ಎಂಬುದೂ ಗೊತ್ತು. ಈ ಎರಡು ಗಾದೆಗಳನ್ನು ಒಟ್ಟಿಗೆ ಓದಿದರೆ ಒಂದು ಸಂಗತಿ ಹೊಳೆಯುತ್ತದೆ. ಜಗಳ ನಡೆಯುವುದು ಮಗುವಿನ ಎದುರು, ಸಂಜೆ ಆರಕ್ಕೆ. ರಾಜಿಯಾಗುವುದು ಮಗು ಮಲಗಿದ ಮೇಲೆ, ರಾತ್ರಿ ಹತ್ತಕ್ಕೆ! ಪಾಪ, ಕೂಸಿಗೆ ಸಿನಿಮಾದ ಮೊದಲರ್ಧ ಮಾತ್ರ ತೋರಿಸಿ ಮಲಗಿಸಿದಂತಾಯಿತು. ಅದು ಬಡವಾಗದೆ ಏನು ಮಾಡೀತು?

ಅಮೆರಿಕದ ಮನಃಶಾಸ್ತ್ರಜ್ಞ ಮಾರ್ಕ್ ಕಮಿಂಗ್ಸ್ ಇದನ್ನೇ ಬಹಳ ವರ್ಷ ಅಧ್ಯಯನ ಮಾಡಿದ್ದಾರೆ. ತಂದೆತಾಯಿಯರ ಭಿನ್ನಾಭಿಪ್ರಾಯ ಕಂಡ ಮಕ್ಕಳು, ಅದು ಬಗೆಹರಿದದ್ದನ್ನೂ ಕಂಡರೆ ಅವರ ಕಳವಳ ಬಹಳಷ್ಟು ಕಡಿಮೆಯಾಗುತ್ತದೆ ಎಂಬುದು ಅವರ ಸಂಶೋಧನೆಯ ಸಾರ. ಆದ್ದರಿಂದ ರಾಜಿಯನ್ನೂ ಮಕ್ಕಳಿಗೆ ತೋರಿಸಿ. ಬೆಳಿಗ್ಗೆ ದೋಸೆ ಹಾಕುತ್ತಾ ಗಟ್ಟಿಯಾಗಿಯೇ ಹೇಳಿ: "ನಿನ್ನೆ ನಾನು ಜೋರಾಗಿ ಕೂಗಿಬಿಟ್ಟೆ ರೀ, ಬೇಜಾರಾಯ್ತಾ?" "ಇಲ್ಲ ಬಿಡೇ, ನಾನೂ ಫೋನ್ ನೋಡ್ತಾ ಕೂತಿದ್ದು ಸರಿಯಲ್ಲ." ಅಷ್ಟೇ ಸಾಕು. ಹಾಲು ಕುಡಿಯುವ ನೆಪದಲ್ಲಿ ಲೋಟದ ಅಂಚಿನಿಂದ ಎರಡು ಕಣ್ಣು ಎಲ್ಲವನ್ನೂ ನೋಡುತ್ತಿರುತ್ತವೆ.

ಊರಿನಿಂದ ಅಜ್ಜಿ-ತಾತ ಬಂದಿದ್ದರೆ ಅವರನ್ನೂ ಸೇರಿಸಿಕೊಳ್ಳಿ. "ನಿಮ್ಮ ಕಾಲದಲ್ಲಿ ನಮಗೆ ಹೀಗೆಲ್ಲ ಮಾಡಿದಿರಿ" ಎಂದು ಲೆಕ್ಕ ಒಪ್ಪಿಸುವುದು ಬೇಡ. ತಾವು ಚಿಕ್ಕಂದಿನಲ್ಲಿ ತಮ್ಮ-ತಂಗಿಯರ ಜೊತೆ ಆಡಿದ ಜಗಳಗಳನ್ನು ಮೊಮ್ಮಕ್ಕಳಿಗೆ ಹೇಳಲು ಕೇಳಿಕೊಳ್ಳಿ. ಒಂದು ಮಾವಿನಕಾಯಿಗಾಗಿ ತಾತನೂ ಅವರ ತಮ್ಮನೂ ಎರಡು ದಿನ ಮಾತು ಬಿಟ್ಟಿದ್ದರು, ಈಗ ಅದೇ ತಮ್ಮ ಪ್ರತಿ ಭಾನುವಾರ ವಾಟ್ಸ್ಆಪ್‌ನಲ್ಲಿ ಕಾಲ್ ಮಾಡುತ್ತಾರೆ ಎಂಬಂಥ ಕತೆಗಿಂತ ದೊಡ್ಡ ಪಾಠ ಬೇಕೇ? ಜಗಳದ ಆಚೆಗೂ ಸಂಬಂಧ ಉಳಿಯುತ್ತದೆ ಎಂಬ ಧೈರ್ಯ ಮಗುವಿಗೆ ಬರಬೇಕು. ನಾಳೆ ಡಾರ್ಮಿಟರಿಯ ರೂಮ್‌ಮೇಟ್ ಜೊತೆ, ಆಫೀಸಿನಲ್ಲಿ, ಸಂಸಾರದಲ್ಲಿ ಅವರಿಗೆ ಬೇಕಾಗುವುದು ಅದೇ. ನಾವು ದೂರದಲ್ಲಿ ಇರುತ್ತೇವೆ, ಓಡಿಹೋಗಿ ಬಿಡಿಸಲು ಆಗುವುದಿಲ್ಲ. ಅಣ್ಣ-ತಂಗಿಯರಿಗಂತೂ ಈ ಪರದೇಶದಲ್ಲಿ ನಮ್ಮ ನಂತರ ಉಳಿಯುವ ತವರು ಅವರಿಬ್ಬರೇ.

ಈ ಹಬ್ಬಕ್ಕೆ ಮಕ್ಕಳಿಗೆ ಹೊಸ ಬಟ್ಟೆ, ಸಿಹಿ, ಸುರುಸುರು ಬತ್ತಿಗಳ ಜೊತೆ ಎರಡು ಹೊಸ ಶಬ್ದಗಳನ್ನೂ ಕೊಡಿ: ಒಂದು ಮುನಿಸು, ಇನ್ನೊಂದು ರಾಜಿ. ಮೊದಲನೆಯದು ಬಂದಾಗ ಹೇಳಿಕೊಳ್ಳಲಿ, ಎರಡನೆಯದನ್ನು ತಾವೇ ಮಾಡಿಕೊಳ್ಳಲಿ. ನಿಮ್ಮ ಮನೆಯ ಜಗಳಗಳಲ್ಲಿ ಮಕ್ಕಳು ಕಂಡುಹಿಡಿದ ಉಪಾಯಗಳಿದ್ದರೆ ಮುಂದಿನ ಕಾರ್ಯಕ್ರಮದಲ್ಲಿ ಸಿಕ್ಕಾ ಹೇಳಿ, ಬೇರೆ ಮನೆಗಳಿಗೂ ಉಪಯೋಗವಾದೀತು.

ಎಲ್ಲರಿಗೂ ದೀಪಾವಳಿ ಮತ್ತು ಕನ್ನಡ ರಾಜ್ಯೋತ್ಸವದ ಹಾರ್ದಿಕ ಶುಭಾಶಯಗಳು.